ಬಿ ಎ ಎಲ್ ಇ

ಕಂಕನಾಡಿ, ಮಂಗಳೂರು
೧೮ ಮಾರ್ಚ್ ೧೯೮೭

ಪ್ರೀತಿಯ ಇವರಿಗೆ,

ನಿಮ್ಮ ಸ್ನೇಹಲತಾಳ ನಮಸ್ಕಾರಗಳು. ಕೆಮ್ಮು ಹೇಗಿದೆ? ಕಳೆದ ಪತ್ರದಲ್ಲಿ ಅದರ ಸುದ್ದಿಯೇ ಇರಲಿಲ್ಲ. ಸುದ್ದಿ ಇಲ್ಲದಿದ್ದರೆ ಗುಣವಾಗಿದೆ ಎಂದುಕೊಳ್ಳುವಷ್ಟು ದಡ್ಡಿ ನಾನಲ್ಲ. ಬಹರೈನಿನಲ್ಲಿ ಧೂಳು ಎದ್ದ ದಿನವಾದರೂ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಇಲ್ಲಿ ಸೆಕೆ ಸುರುವಾಗಿದೆ. ಅತ್ತೆಯವರು ವಾಮಂಜೂರಿಗೆ ಮಗಳ ಮನೆಗೆ ಹೋಗಿದ್ದಾರೆ, ಆರೋಗ್ಯವಾಗಿದ್ದಾರೆ.

ನಿಮ್ಮ ಕಂಪ್ಯೂಟರೂ ಕ್ಷೇಮ. ಜನವರಿಯಲ್ಲಿ ರಜೆ ಮುಗಿಸಿ ಹೊರಡುವಾಗ ನೀವು ಹೇಳಿದ್ದನ್ನೆಲ್ಲ ಪಾಲಿಸುತ್ತಿದ್ದೇನೆ. ಬಟ್ಟೆ ಮುಚ್ಚುತ್ತೇನೆ, ಕೋಣೆಗೆ ಬೀಗ ಹಾಕುತ್ತೇನೆ. ನೀವು ಬರೆದಿಟ್ಟ ಪ್ರೋಗ್ರಾಮು ‘ಕೂಳೂರು’ ಎಂಬ ಗುಪ್ತಪದ ಹೇಳದೆ ನನ್ನನ್ನೂ ಒಳಗೆ ಬಿಡುವುದಿಲ್ಲ. ಊರಿಗೆ ಬಂದು ಕಂಪ್ಯೂಟರ್ ಕ್ಲಾಸು ತೆರೆಯುತ್ತೇನೆ, ನೀನೇ ಮೊದಲ ವಿದ್ಯಾರ್ಥಿನಿ ಎಂದಿದ್ದಿರಿ. ಆಮೇಲೆ ಕಂಪೆನಿಯವರು ಇನ್ನೆರಡು ವರ್ಷಕ್ಕೆ ಕರೆಯುತ್ತಿದ್ದಾರೆ, ಏಪ್ರಿಲಿನಲ್ಲಿ ಸಹಿ ಹಾಕಬೇಕು, ನೀನು ಎಂತ ಹೇಳುತ್ತಿ ಎಂದು ಬರೆದಿರಿ. ನಾನು ‘ನಿಮ್ಮ ಇಷ್ಟ’ ಎಂದು ಉತ್ತರಿಸಿದೆ.

ನಾವು ಮಾತಾಡುವುದು ತುಳು, ಪತ್ರ ಬರೆಯುವುದು ಕನ್ನಡ. ಕನ್ನಡಕ್ಕೆ ಬರುವಾಗ ನನ್ನ ಮಾತು ಇಸ್ತ್ರಿ ಹಾಕಿದ ಸೀರೆ ಉಟ್ಟುಕೊಂಡೇ ಬರುತ್ತದೆ. ಈಗ ಓದುತ್ತಿರುವ ರಷ್ಯದ ಕಾದಂಬರಿಯ ಅನುವಾದದಲ್ಲಿ ಹೆಂಗಸರು ಪತ್ರದಲ್ಲಿ ಪುಟಗಟ್ಟಲೆ ಅಳುತ್ತಾರೆ. ನನ್ನಿಂದ ಅದು ಆಗದು. ಅದೂ ನೀವು ನನ್ನ ಪತ್ರವನ್ನು ರೂಮಿನವರಿಗೆಲ್ಲ ಓದಿ ಹೇಳುತ್ತೀರಿ ಎಂದು ಗೊತ್ತಿದ್ದ ಮೇಲೆ. ಹಾಗಾಗಿ ಒಂದು ಸಂಜೆ ಬಾಗಿಲು ಹಾಕಿ, ಹೇಳಬೇಕಾದದ್ದನ್ನು ಕಂಪ್ಯೂಟರಿಗೆ ಹೇಳಿದೆ. ಒಂದೇ ಪದವನ್ನು ಪರದೆಯ ತುಂಬ ಬರೆಸುವ ಪಾಠ ಕಲಿಸಿದ್ದಿರಲ್ಲ, ಅದನ್ನೇ ಮಾಡಿದೆ. ಪದ ತುಳುವಿನದು, ಅಕ್ಷರ ಇಂಗ್ಲಿಷಿನದು: ಬಿ, ಎ, ಎಲ್, ಇ. ಬಲೆ, ಬಲೆ, ಬಲೆ. ಅಂದರೆ ಬನ್ನಿ, ಬನ್ನಿ, ಬನ್ನಿ. ಮನಸ್ಸು ಹಗುರವಾಯಿತು. ಆಮೇಲೆ ಅದು ಸಂಜೆಯ ಅಭ್ಯಾಸವೇ ಆಯಿತು.

ಕೆಲವು ದಿನಗಳಿಂದ ಪಕ್ಕದ ಮನೆಯ ನರ್ಸ್ ಗ್ಲ್ಯಾಡಿಸ್ ಬಾಯಿಯವರ ರೀತಿ ಬೇರೆಯಾಗಿತ್ತು. ಬಾವಿಕಟ್ಟೆಯಲ್ಲಿ ನನ್ನ ಕೈಯಿಂದ ಕೊಡಪಾನ ಕಿತ್ತುಕೊಂಡು, “ಭಾರ ಎತ್ತುವುದು ಎಂತಕ್ಕೆ? ಅಲ್ಲಿ ಇಡು!” ಎಂದು ಗದರಿದರು. ಮರುದಿನ ಮಾವಿನಮಿಡಿ ಉಪ್ಪಿನಕಾಯಿ ಬಂತು. ಅದರ ಮರುದಿನ ಅವರ ಆಸ್ಪತ್ರೆಯ ಕಬ್ಬಿಣದ ಮಾತ್ರೆ. ಎಂತ ಇದೆಲ್ಲ, ಬಾಯಿ ಎಂದು ಕೇಳಿದೆ. “ನನ್ನ ಹತ್ತಿರವೂ ಮುಚ್ಚಿಡುವುದಾ? ನಮ್ಮ ಟಿ.ವಿ.ಯೇ ಹೇಳಿತು ಮಾರಾಯ್ತಿ!”

ನಮ್ಮೆರಡು ಮನೆಗೂ ಆಂಟೆನಾ ಒಂದೇ ಅಲ್ಲವೇ, ನೀವೂ ಅವರ ತಮ್ಮ ಅಲೆಕ್ಸನೂ ಸೇರಿ ಮಾಡಿನ ಮೇಲೆ ನಿಲ್ಲಿಸಿದ್ದು. ಕಂಪ್ಯೂಟರಿಗೂ ನಮ್ಮ ಟಿ.ವಿ.ಯೇ ಪರದೆ; ಪ್ರತಿ ಸಲ ವಯರು ಕಳಚಿ ಸಿಕ್ಕಿಸುವ ತಾಪತ್ರಯ ಬೇಡವೆಂದು ನಾನು ಕಂಪ್ಯೂಟರಿನ ವಯರನ್ನೂ ಆಂಟೆನಾದ ವಯರನ್ನೂ ಒಟ್ಟಿಗೆ ಜೋಡಿಸಿಬಿಟ್ಟಿದ್ದೆ. ನಾನು ಒತ್ತಿದ್ದೆಲ್ಲ ಆ ವಯರು ಹಿಡಿದು ಅವರ ಟಿ.ವಿ.ಗೂ ಹೋಗುತ್ತಿತ್ತು. ಚಿತ್ರ ಸರಿ ಬಾರದೆ ಅವರು ಚಾನೆಲ್ ತಿರುಗಿಸಿದಾಗ ಸಿಕ್ಕಿದ್ದು ನಾನು! ದಿನಾ ಮೊದಲು ‘ಕೂಳೂರು’ ಎಂದು ಬರುತ್ತದೆ, ಕೂಳೂರಿನ ಸೇತುವೆಗೆ ಏನಾದರೂ ಆಯಿತೋ ಎಂದು ಅವರು ಹೆದರಿದ್ದರಂತೆ. ರೇಡಿಯೋ ರಿಪೇರಿಯ ಅಲೆಕ್ಸ್ ಬಂದು ವಯರು ನೋಡಿ ನಕ್ಕ: “ಅಕ್ಕಾ, ಅಣ್ಣ ಬಾಗಿಲಿಗೆ ಭಾರೀ ಬೀಗ ಹಾಕಿದ್ದಾರೆ. ಗೋಡೆ ಕಟ್ಟಲಿಕ್ಕೆ ಮರೆತಿದ್ದಾರೆ!”

ಇನ್ನು ಆ ಪದ. ಇಂಗ್ಲಿಷ್ ಅಕ್ಷರಕ್ಕೆ ಹ್ರಸ್ವ ದೀರ್ಘದ ಹಂಗಿಲ್ಲ. ಗ್ಲ್ಯಾಡಿಸ್ ಬಾಯಿ ಮನೆಯಲ್ಲಿ ಕೊಂಕಣಿಯವರು; ಅವರ ತುಳುವೆಲ್ಲ ಹೆರಿಗೆ ವಾರ್ಡಿನಲ್ಲಿ ಕಲಿತದ್ದು. ನರ್ಸಿನ ಕಣ್ಣಿಗೆ ನನ್ನ ‘ಬಲೆ’ ‘ಬಾಲೆ’ಯಾಗಿ, ಪರದೆಯ ತುಂಬ ಮಗು, ಮಗು, ಮಗು! ನಾಚಿಕೆಯಿಂದ ನನಗೆ ಮುಖ ಎತ್ತಲಾಗಲಿಲ್ಲ. ಹಾಗೇನೂ ಇಲ್ಲ ಬಾಯಿ ಎಂದೆ. ಅವರು ನನ್ನ ಮುಖವನ್ನೇ ನೋಡಿ, “ಅದು ನಾನು ಹೇಳಬೇಕು” ಎಂದರು.

ವಯರು ಈಗ ಬೇರ್ಪಡಿಸಿದ್ದೇನೆ. ಮಾತ್ರೆ ಮಾತ್ರ ನಿಂತಿಲ್ಲ.

ನೋಣಯ್ಯಣ್ಣ ರಜೆ ಮುಗಿಸಿ ನಾಳೆ ಬಹರೈನಿಗೆ ಹೊರಡುತ್ತಾರೆಂದು ಈ ಪತ್ರವನ್ನು ಅವರ ಕೈಯಲ್ಲೇ ಕೊಡುತ್ತಿದ್ದೇನೆ, ಉಪ್ಪಿನಕಾಯಿಯೂ ಉಂಟು. ರೂಮಿನವರಿಗೆಲ್ಲ ನಮಸ್ಕಾರ ತಿಳಿಸಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ಸ್ನೇಹಲತಾ

ತಾ.ಕ.: ಇಷ್ಟನ್ನು ಗಟ್ಟಿಯಾಗಿ ಓದಬೇಡಿ. ಗ್ಲ್ಯಾಡಿಸ್ ಬಾಯಿ ಬಿಡದೆ ನಿನ್ನೆ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ಪರದೆಯಲ್ಲಿ ಬಾಯಿ ಓದಿದ್ದೂ ಸರಿಯಂತೆ. ನಾನು ಬರೆದದ್ದಂತೂ ಸರಿಯೇ. ‘ನಿಮ್ಮ ಇಷ್ಟ’ ಎಂದದ್ದನ್ನು ಹೊಡೆದುಹಾಕಿ. ಸಹಿ ಹಾಕಬೇಡಿ. ಬಲೆ.