ನೀರುಕಾಗೆಯ ಕೊರಳ ದಾರ

ತ್ಯಾಗರಾಜನಗರ
೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ವಿಜಿ,

ನಿನ್ನ ಅಣ್ಣನ ಆಶೀರ್ವಾದಗಳು, ಜೊತೆಗೊಂದು ಕ್ಷಮಾಪಣೆ. ಜಪಾನಿನಿಂದ ಬಂದು ಮೂರು ವಾರವಾಯಿತು. ನೀನಿರುವ ಹುಳಿಮಾವು ಏನು ಟೋಕಿಯೋ ಅಲ್ಲ. ಆದರೆ ನೀನು ಫೋನ್ ಎತ್ತದಿದ್ದರೆ ಟೋಕಿಯೋಗಿಂತ ದೂರ. ಅದಕ್ಕೇ ಅಂಚೆಯಣ್ಣನ ಮೊರೆ ಹೊಕ್ಕಿದ್ದೇನೆ.

ಪ್ರವಾಸದಲ್ಲಿ ಪ್ರಯಾಸವೇ ಮುಕ್ಕಾಲು. ಜಯನಗರದ ನಿವೃತ್ತರ ತಂಡ, ಜೊತೆಗೆ ಅಡುಗೆಯ ಶಾಮಣ್ಣ. ಗಿಫು ಎಂಬ ಊರಿನ ನದಿಯಲ್ಲಿ ನಮ್ಮನ್ನು ದೋಣಿ ಹತ್ತಿಸಿ, ಕೈಗೆ ಪುಳಿಯೋಗರೆ ಪೊಟ್ಟಣ ಕೊಟ್ಟರು. ಕತ್ತಲಾಗುತ್ತಿದ್ದಂತೆ ಮೀನುಗಾರರ ದೋಣಿ ಬಂತು. ಅದರ ಮೂತಿಯಲ್ಲಿ ಕಬ್ಬಿಣದ ಬುಟ್ಟಿ, ಬುಟ್ಟಿಯಲ್ಲಿ ಉರಿಯುವ ಸೌದೆ. ಹುಲ್ಲಿನ ಲಂಗ ಉಟ್ಟ ಮನುಷ್ಯನ ಕೈಯಲ್ಲಿ ಹತ್ತು ಹಗ್ಗ, ಒಂದೊಂದರ ತುದಿಗೂ ಒಂದೊಂದು ಕಪ್ಪು ಹಕ್ಕಿ.

"ಅಯ್ಯೋ, ನಮ್ ಪುಟ್ಟೇನಹಳ್ಳಿ ಕೆರೇಲಿ ರೆಕ್ಕೆ ಒಣಗಿಸ್ಕೊಂಡು ಕೂತಿರತ್ತಲ್ಲ, ಅದೇ ನೀರುಕಾಗೆ!" ಎಂದರು ಪಕ್ಕದಲ್ಲಿದ್ದ ಲಕ್ಷ್ಮಿದೇವಮ್ಮ. "ಪಾಸ್‌ಪೋರ್ಟ್ ಇಲ್ದೇನೇ ಬಂದ್ಬಿಟ್ಟಿದೆ ನೋಡಿ."

ಹಕ್ಕಿ ಮುಳುಗಿ ಎದ್ದಾಗ ಕೊರಳು ಉಬ್ಬಿತ್ತು. ಆತ ಹಗ್ಗ ಎಳೆದು, ಕೊಕ್ಕು ಬಿಡಿಸಿ, ಮೀನನ್ನು ಕಕ್ಕಿಸಿದ. ಕೊರಳಿಗೆ ದಾರ ಕಟ್ಟಿರುತ್ತಾರಂತೆ. ಸಣ್ಣ ಮೀನು ಒಳಗಿಳಿಯುತ್ತದೆ, ದೊಡ್ಡದು ಇಳಿಯುವುದಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಲಕ್ಷ್ಮಿದೇವಮ್ಮ ಮಾತ್ರ, "ಅಲ್ಲಾ ಸಾರ್, ಹಿಡಿಯೋದು ಅದು, ಚಪ್ಪಾಳೆ ಇವನಿಗಾ?" ಎಂದರು.

ಪುಳಿಯೋಗರೆ ನನ್ನ ಗಂಟಲಲ್ಲೇ ನಿಂತಿತು.

ಪ್ರತಿ ಶನಿವಾರ ನಿನ್ನ ಮನೆಗೆ ಬರುತ್ತಿದ್ದೆ. ಕಾಫಿ ಸೋಸುತ್ತಾ ನೀನು ಬೀದಿಯ ಸುದ್ದಿ ಹೇಳುತ್ತಿದ್ದೆ. ಮುಂದಿನ ವಾರ ಅದು ಪತ್ರಿಕೆಯಲ್ಲಿ ನನ್ನ ಅಂಕಣ. ಹೋದ ವರ್ಷ ನಿನ್ನ ಎದುರುಮನೆ ಪಾಪಯ್ಯ ಗಣಪತಿಗೆ ಹೆಲ್ಮೆಟ್ ಹಾಕಿ ಸ್ಕೂಟರಿನಲ್ಲಿ ತಂದದ್ದೂ ಹಾಗೇ ಅಚ್ಚಾಯಿತು. "ಅಣ್ಣಾ, ಅದನ್ನ ನಾನೇ ಬರೀಬೇಕು ಅಂತಿದ್ದೆ" ಎಂದೆ ನೀನು. "ಬರಿಯಮ್ಮಾ, ನಿನ್ ಕೈ ಯಾರ್ ಹಿಡ್ಕೊಂಡಿದಾರೆ?" ಎಂದು ನಕ್ಕೆ ನಾನು. ಅಂದಿನಿಂದ ನಿನ್ನ ಫೋನಿಗೆ ಮೌನವ್ರತ. ಆ ಅಂಕಣಗಳ ನನ್ನ ಪುಸ್ತಕದಲ್ಲಿ ನಿನಗೆ ಸಂದದ್ದು ಒಂದೇ ಸಾಲು: 'ಒಳ್ಳೆಯ ಕಾಫಿಗಾಗಿ ತಂಗಿಗೆ ಕೃತಜ್ಞತೆ.' ಸಣ್ಣ ಮೀನು.

ಅಂಕಣ ನಿಲ್ಲಿಸಿದ್ದೇನೆ. "ಏನ್ ಸಾರ್, ಸರಕು ಮುಗೀತಾ?" ಎಂದರು ಸಂಪಾದಕರು. "ಸರಕು ನಂದಲ್ಲ, ಸಾಗಣೆ ಮಾತ್ರ ನಂದು" ಎಂದೆ. ತಮಾಷೆ ಎಂದುಕೊಂಡು ನಕ್ಕರು.

ನಿನಗೂ ಮನೆಯವರಿಗೂ ಒಳ್ಳೆಯದಾಗಲಿ. ನಿನ್ನ ನಗೆ ಇನ್ನು ನಿನ್ನ ಹೆಸರಿನಲ್ಲೇ ಹೋಗಲಿ.

ನಿನ್ನ ಅಣ್ಣ,
ಜಯಸಿಂಹ

ಮ.ವಿ.: ಜೊತೆಗಿರುವ ಹಳದಿ ಲಕೋಟೆ ನಿನ್ನದೇ. ಹನ್ನೊಂದು ವರ್ಷದ ಹಿಂದೆ ಸಂಪಾದಕರಿಗೆ ತಲುಪಿಸು ಎಂದು ಕೊಟ್ಟಿದ್ದೆಯಲ್ಲ, ನಿನ್ನ ಮೊದಲ ಲೇಖನ. "ಅವರಿಗೆ ಹಿಡಿಸಲಿಲ್ಲ ಕಣೇ" ಎಂದಿದ್ದೆ ನಾನು. ಅವರು ಅದನ್ನು ನೋಡೇ ಇಲ್ಲ, ವಿಜಿ. ನಾನು ಓದಿದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ, ಆಮೇಲೆ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ನೀನು ಮತ್ತೆ ಬರೆಯಲೇ ಇಲ್ಲ. ಗಿಫುವಿನಲ್ಲಿ ಕೆಲಸ ಮುಗಿದ ಕೂಡಲೇ ಆತ ಒಂದೊಂದೇ ಹಕ್ಕಿಯ ಕೊರಳ ದಾರ ಬಿಚ್ಚಿದ. ನಾನು ಈಗ ಬಿಚ್ಚುತ್ತಿದ್ದೇನೆ.