ಸೊನ್ನಕ್ಕೆ ಶೇಂಗಾನೂ ಬರುತ್ತಾನೆ

ಏಪ್ರಿಲ್ 8, ಮಂಗಳವಾರ. ಬೆಳಗಿನ ಐದೂಕಾಲು

ಮತ್ತೆ ಎರಡು ತಾಸು. ಅದೂ ಚೂರುಪಾರು ಕೂಡಿಸಿದರೆ. ಕೂಸು ತೊಟ್ಟಿಲಲ್ಲಿ, ಶೇಂಗಾ ಬಾಲ ಸುತ್ತಿಕೊಂಡು ತೊಟ್ಟಿಲ ಕೆಳಗೆ. ಅತ್ತೆ ಆಗಲೇ ಎದ್ದು ಅಂಗಳ ಗುಡಿಸುತ್ತಿದ್ದಾರೆ. ಬಾಟಲಿ ಕುದಿಯಲು ಇಟ್ಟೆ. ಕೂಸಿನ ಮೂಗಿನ ಹತ್ತಿರ ಬೆರಳು ಹಿಡಿದೆ — ಉಸಿರಿದೆ. ಬಾಗಿಲವರೆಗೆ ಹೋಗಿ ತಿರುಗಿ ಬಂದು ಮತ್ತೆ ಹಿಡಿದೆ. ಇದೆ.

ನಿನ್ನೆ ಮುಮತಾಜ ಫೋನ್ ಮಾಡಿದ್ದಳು. ಕಲಬುರಗಿಯಲ್ಲಿ ಬಿ.ಎಸ್ಸಿ. ಮೂರು ವರ್ಷ ಒಂದೇ ಬೆಂಚು ನಮ್ಮದು. ಅವಳ ತವರು ಸೊನ್ನ.

"ಬ್ಯಾರೇಜಿನ ಹಿನ್ನೀರಿನ ದಂಡಿಗೆ ನಮ್ಮಪ್ಪನ ಹೊಲಾ ಅದ. ಹೊಲದಾಗ ಒಂದು ಖೋಲಿ ಖಾಲಿ ಬಿದ್ದದ. ಎರಡು ದಿನಾ ಹೋಗಿ ಇದ್ದು ಬಾ. ನೀರಿನ ಮ್ಯಾಲಿನ ಗಾಳಿ ಬೇ, ಕಳ್ಳಗೂ ನಿದ್ದಿ ಬರ್ತದ."

ಇವರಿಗೆ ಹೇಳಿದೆ. ಗದಗದ ಕಡೆ ಕರೆಂಟು ಮಾಡುವ ಗಾಳಿ ಫ್ಯಾನ್‌ಗಳ ರಿಪೇರಿ ಇವರ ಕೆಲಸ. ಹದಿನೈದು ದಿನಕ್ಕೊಮ್ಮೆ ಬರುವುದು ಹೋಗಿ ಈಗ ತಿಂಗಳಿಗೊಮ್ಮೆ. "ಇಪ್ಪತ್ತಾರು, ಇಪ್ಪತ್ತೇಳು ಇಟ್ಕೋ. ಶುಕ್ರವಾರ ಸಂಜಿಗೆ ಬಂದುಬಿಡ್ತೇನಿ. ಪಕ್ಕಾ" ಅಂದರು. ಶೇಂಗಾನೂ ಬರಬೇಕು ಅಂದೆ. ನಕ್ಕರು. ನಾನು ನಗಲಿಲ್ಲ.

ಏಪ್ರಿಲ್ 10, ಗುರುವಾರ. ಮಧ್ಯಾಹ್ನ

ಬಸ್ಸಿನ ಕಂಡಕ್ಟರನನ್ನು ಕೇಳಿದೆ. "ಕೋಳಿ ತರ್ರಿ, ಮ್ಯಾಕಿ ಮರಿ ತರ್ರಿ, ಚೀಟಿ ಹರೀತೇನಿ. ನಾಯಿಗಿ ಚೀಟಿ ಇಲ್ರಿ" ಅಂದ. ಆಗ ಉಸ್ಮಾನಸಾಬ ಚಾಚಾನ ಟಂಟಂ ನೆನಪಾಯಿತು. ದತ್ತನ ಗುಡಿಯ ಹತ್ತಿರ ಯಾತ್ರಿಕರನ್ನು ಸಂಗಮಕ್ಕೆ ಒಯ್ದು ತರುವ ಮೂರು ಗಾಲಿಯ ಗಾಡಿ.

"ನಾಯಿ ಮ್ಯಾಲ ನನಗೇನ್ ಸಿಟ್ಟಿಲ್ಲ ಬೇಟಿ. ಅದರ ಹಸಿ ಮೂಗು ಅಂಗಿಗೆ ಹತ್ತಿದ್ರ ನಮಾಜಿಗೆ ಮತ್ತ ಅಂಗಿ ಬದಲಿ ಮಾಡ್ಬೇಕು, ಅಷ್ಟೇ. ಹಿಂದಿನ ಸೀಟಿನಾಗ ಕೂಡ್ಲಿ. ನಾ ಮುಂದ ನೋಡ್ತೇನಿ, ಅದು ಹಿಂದ ನೋಡ್ಲಿ. ದೋಸ್ತಿ ಉಳೀತದ."

ಅತ್ತೆ ಮನೆ ಮುಂದಿನ ಪೂಜಾ ಸಾಮಾನಿನ ಅಂಗಡಿಯಲ್ಲಿ ಜೋಳಿಗೆಗಳನ್ನು ಮೊಳೆಗೆ ತೂಗುಹಾಕುತ್ತ ಎಲ್ಲ ಕೇಳಿಸಿಕೊಂಡರು. ಕಾಯಿ ಕೊಳ್ಳಲು ಬಂದವರಿಗೆ ಹೇಳಿದ್ದು, ನನಗಲ್ಲ: "ನಮ್ಮ ಮನಿ ನಾಯಿಗಿ ಗಾಡಿ ಬುಕ್ ಆಗ್ಯಾದ್ರಿ. ನಾ ಮೊಣಕಾಲು ತೋರಿಸ್ಲಾಕ ಅಫಜಲಪುರಕ್ಕ ಬಸ್ಸಿನಾಗ ನಿಂತ್ಕೊಂಡು ಹೋಗಿದ್ದೆ."

ಅವರಿಗೆ ಹೇಗೆ ಹೇಳಲಿ. ಕಳೆದ ದೀಪಾವಳಿಯ ಹಿಂದಿನ ವಾರ, ಕೂಸಿಗೆ ಮೂರು ತಿಂಗಳು. ಹಾಲು ಗಂಟಲಿಗೆ ಸಿಕ್ಕಿ ತುಟಿ ನೀಲಿಯಾಗಿತ್ತು. ನಾನು ಪಕ್ಕದಲ್ಲೇ ಇದ್ದೆ. ನಿದ್ದೆ ಹೋಗಿದ್ದೆ. ಬೊಗಳಿ ಎಬ್ಬಿಸಿದ್ದು ಶೇಂಗಾ. ಆವತ್ತಿನಿಂದ ಅವನು ತೊಟ್ಟಿಲ ಕೆಳಗೆ ಇದ್ದರೆ ಒಂದೊಂದು ತಾಸು ಕಣ್ಣು ಮುಚ್ಚುತ್ತದೆ. ಇಲ್ಲದಿದ್ದರೆ ಅದೂ ಇಲ್ಲ. ಡಾಕ್ಟರು ಕೂಸು ಗಟ್ಟಿ ಇದೆ ಅಂತಾರೆ. ಗೊತ್ತು. ಗೊತ್ತಿದ್ದರೆ ನಿದ್ದೆ ಬರುತ್ತದೆಯೇ.

ಏಪ್ರಿಲ್ 13, ರವಿವಾರ

ಒಯ್ಯಬೇಕಾದದ್ದು — ಸೊಳ್ಳೆ ಪರದೆ. ಕೂಸಿನ ಜ್ವರದ ಔಷಧಿ, ಓ.ಆರ್.ಎಸ್. ಬಾಟಲಿ ಮೂರು. ತೊಟ್ಟಿಲು ಕಟ್ಟಲು ಹಳೆಯ ಸೀರೆ, ಹಗ್ಗ. ಶೇಂಗಾನ ತಾಟು. ಅವನ ಕೊರಳಿಗೊಂದು ಪಟ್ಟಿ, ನೀರಿಗೆ ಬಿದ್ದು ದೂರ ಹೋದರೆ ಹಿಡಿಯಬೇಕಲ್ಲ. ಅವನು ಈಜುತ್ತಾನೋ ಇಲ್ಲವೋ... ಎರಡು ವರ್ಷದ ಹಿಂದೆ ಹುಣ್ಣಿಮೆ ಗದ್ದಲದಲ್ಲಿ ನಮ್ಮ ಕಟ್ಟೆ ಹತ್ತಿ ಕೂತವನು, ಹುರಿದ ಶೇಂಗಾ ಬಣ್ಣದವನು. ಅದಕ್ಕೆ ಆ ಹೆಸರು. ಅದೇ ತಿಂಗಳು ನಾನೂ ಆಳಂದದಿಂದ ಈ ಗಾಣಗಾಪುರಕ್ಕೆ ಸೊಸೆಯಾಗಿ ಬಂದದ್ದು. ಇಬ್ಬರೂ ಹೊಸಬರು.

ಅವನು ಬೇಗ ಊರವನಾದ. ಇಲ್ಲಿ ನಾಯಿಗೆ ಯಾರೂ ಕಲ್ಲೆತ್ತುವುದಿಲ್ಲ. ದತ್ತನ ಪಾದದ ಬಳಿ ನಾಯಿಗಳಿವೆಯಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಯಾತ್ರಿಕರು ಜೋಳಿಗೆ ಹಿಡಿದು ಐದು ಮನೆ ಮಧುಕರಿ ಭಿಕ್ಷೆ ಬೇಡುತ್ತಾರೆ. ಕಾರು ತಂದವರೂ ಬೇಡುತ್ತಾರೆ. ಆ ಹೊತ್ತಿಗೆ ದತ್ತನೂ ಅವರ ನಡುವೆ ಬೇಡಲು ಬರುತ್ತಾನಂತೆ, ಯಾವ ರೂಪದಲ್ಲೋ ಗೊತ್ತಿಲ್ಲ. ಅದಕ್ಕೇ ಹನ್ನೆರಡಕ್ಕೆ ನಿಂತವರನ್ನು ಅತ್ತೆ ಬರಿಗೈಯಲ್ಲಿ ಕಳಿಸಿದ್ದನ್ನು ನಾನು ಕಂಡಿಲ್ಲ. ಯಾತ್ರಿಕರ ಜೋಳಿಗೆಯ ತುತ್ತಿನಲ್ಲಿ ಶೇಂಗಾನಿಗೂ ಪಾಲು. ನಾನು ಒಳಗೆ ಕಿಟಕಿಯಿಂದ ನೋಡುತ್ತೇನೆ.

ಏಪ್ರಿಲ್ 20, ರವಿವಾರ. ಸಂಜೆ

ಎದುರಿನ ಲಾಡ್ಜಿಗೆ ಸೊಲ್ಲಾಪುರದಿಂದ ಒಬ್ಬ ಹೆಂಗಸು ಬಂದಿದ್ದಾರೆ. ರಿಟೈರ್ ಆದ ಟೀಚರು. ಎಲ್ಲರೂ ಬಾಯಾರು ಅಂತಾರೆ. ನಿನ್ನೆಯಿಂದ ಏಳು ದಿನದ ಪಾರಾಯಣ. ಶೇಂಗಾ ಮಧ್ಯಾಹ್ನ ಹೋಗಿ ಅವರ ಖೋಲಿಯ ಹೊಸ್ತಿಲಲ್ಲಿ ಮಲಗಿ ಕೇಳುತ್ತಾನಂತೆ. "ಗುರುತಿನ ಜೀವ ಅದ ಇದು" ಅಂದರಂತೆ ಅತ್ತೆಗೆ. ಫ್ಯಾನಿನ ಗಾಳಿಗೆ ಹೋಗಿರಬೇಕು ಅಂದುಕೊಂಡೆ.

ಕತ್ತಲಾಗುವ ಮುಂಚೆ ಮನೆಗೆ ಬಂದ. ಸಾಕು.

ಏಪ್ರಿಲ್ 22, ಮಂಗಳವಾರ

ಇವರ ಫೋನ್. "ಗಾಳಿ ಸುರುವಾಗೋದ್ರೊಳಗ ಎಲ್ಲಾ ಸರ್ವಿಸ್ ಮುಗಿಸ್ಬೇಕಂತ ಆರ್ಡರ್ ಬಂದದ."

"ಶುಕ್ರವಾರ?"

"ನೋಡೋಣ ಅನು."

ನೋಡೋಣ ಅಂದರೆ ಏನೆಂದು ಎರಡು ವರ್ಷದಲ್ಲಿ ಕಲಿತಿದ್ದೇನೆ. ಆದರೂ ಒಯ್ಯುವ ಸಾಮಾನಿನ ಪಟ್ಟಿಯಲ್ಲಿ ಇವರ ಟಾವೆಲ್ ಬರೆದೆ.

ಏಪ್ರಿಲ್ 24, ಗುರುವಾರ. ಎರಡು ಗಂಟೆ

ಶೇಂಗಾನನ್ನು ಕೊಟ್ಟುಬಿಟ್ಟಿದ್ದಾರೆ.

ಅದೇ ದಿನ, ಸಂಜೆ ಏಳು

ಬೆಳಿಗ್ಗೆ ಕೂಸಿಗೆ ಒಂಬತ್ತು ತಿಂಗಳ ಇಂಜೆಕ್ಷನ್. ಆಸ್ಪತ್ರೆಯಲ್ಲಿ ಪಾಳಿ. ಬರುವಷ್ಟರಲ್ಲಿ ಒಂದೂವರೆ. ಕಟ್ಟೆಯ ಮೇಲೆ ಶೇಂಗಾ ಇಲ್ಲ. ತಾಟೂ ಇಲ್ಲ.

ಅತ್ತೆ ಅಂಗಡಿಯಲ್ಲೇ ಕೂತಿದ್ದರು. ನನ್ನ ಕಡೆ ನೋಡಲಿಲ್ಲ. "ಹನ್ನೆರಡಕ್ಕ ಬಂದು ನಿಂತ್ರು ಬಾಯಾರು. ಜೋಳಿಗಿ ಒಡ್ಡಿದ್ರು. ರೊಟ್ಟಿ ಹಾಕ್ಲಿಕ್ಕ ಹೋದೆ, ಬ್ಯಾಡ, ನಿಮ್ಮ ನಾಯಿ ಕೊಡ್ರಿ ಅಂದ್ರು. ಅದೂ ಗುರುವಾರ, ದತ್ತನ ವಾರ. ನಾ ಏನ್ ಮಾಡ್ಲಿ?"

"ಇಲ್ಲ ಅನ್ನಬೇಕಿತ್ರಿ."

"ಮೂವತ್ತು ವರ್ಷ ಆತು ಈ ಬಾಗಲದಾಗ ನಿಂತು. ಹನ್ನೆರಡಕ್ಕ ಇಲ್ಲ ಅಂದಿಲ್ಲ."

"ಅವನು ನಿಮ್ಮ ರೊಟ್ಟಿ ಅಲ್ಲ ಅತ್ತೆರೀ."

ಇಷ್ಟು ದಿನದಲ್ಲಿ ಮೊದಲ ಸಲ ಅವರಿಗೆ ತಿರುಗಿ ಮಾತಾಡಿದೆ. ಅವರು ಕರ್ಪೂರದ ಪುಡಿಕೆಗಳನ್ನು ಜೋಡಿಸಿದರು. ಮತ್ತೆ ಬೀಳಿಸಿದರು. ಮತ್ತೆ ಜೋಡಿಸಿದರು.

ಲಾಡ್ಜಿನ ಕಿಟಕಿಯ ಸರಳಿಗೆ ಕಟ್ಟಿದ್ದಾರೆ. ಹೊಸ ಚೈನು. ನನ್ನ ಕಿಟಕಿಯಿಂದ ಬಾಲ ಮಾತ್ರ ಕಾಣುತ್ತದೆ. ಶನಿವಾರ ಬೆಳಿಗ್ಗೆ ಸೊಲ್ಲಾಪುರದ ಬಸ್ಸು... ಅಲ್ಲ, ಅವರು ಕಾರು ಹೇಳಿದ್ದಾರಂತೆ. ನಾಯಿಗೆ ಚೀಟಿ ಇಲ್ಲವಲ್ಲ.

ಕೂಸಿಗೆ ಇಂಜೆಕ್ಷನ್ ಜ್ವರ. ಶೇಂಗಾನ ವಿಷಯ ಇವರಿಗೆ ಹೇಳಿದೆ. "ಬ್ಯಾರೆ ಮರಿ ತರೋಣ" ಅಂದರು.

ಏಪ್ರಿಲ್ 25, ಶುಕ್ರವಾರ. ಬೆಳಿಗ್ಗೆ ಆರು

ಒಂದು ನಿಮಿಷವೂ ಇಲ್ಲ. ಕೂಸು ಮಲಗಿತ್ತು, ಜ್ವರ ಇಳಿದಿತ್ತು. ನಾನು ತೊಟ್ಟಿಲ ಕೆಳಗೆ ಮಲಗಿ ನೋಡಿದೆ, ಅವನು ಮಲಗುತ್ತಿದ್ದ ಜಾಗದಲ್ಲಿ. ಅಲ್ಲಿಂದ ಉಸಿರು ಕೇಳುತ್ತದೆಯೋ ಅಂತ. ಕೇಳುವುದಿಲ್ಲ.

ಇವರ ಮೆಸೇಜು ಬಂದಿದೆ. ಬರಲಾಗುವುದಿಲ್ಲ. ಕೊನೆಯಲ್ಲಿ ಕೈ ಮುಗಿದ ಚಿತ್ರ.

ಅದೇ ದಿನ, ಸಂಜೆ

ಕೂಸು ತೊಡೆಯ ಮೇಲೆ ಎಚ್ಚರವಿದೆ. ಆದರೂ ಬರೆಯಬೇಕು.

ಬೆಳಿಗ್ಗೆ ಅತ್ತೆಗೆ ಹೇಳಿದೆ: ನೀವೇ ಹೋಗಿ ತಿರುಗಿ ಕೇಳಿರಿ. ಇಲ್ಲದಿದ್ದರೆ ಕೂಸನ್ನು ಎತ್ತಿಕೊಂಡು ಆಳಂದಕ್ಕೆ ಹೋಗುತ್ತೇನೆ. ಅತ್ತೆ ಹೊಸ್ತಿಲಲ್ಲಿ ಕೂತುಬಿಟ್ಟರು. ಆಮೇಲೆ —

"ನೀಡಿದ ಭಿಕ್ಷಾ ತಿರುಗಿ ಕೇಳಬಾರದು. ನನ್ನಿಂದ ಆಗಂಗಿಲ್ಲ." ಎದ್ದು ಹೋಗಿ ಅಂಗಡಿಯ ಮೊಳೆಯಿಂದ ಒಂದು ಜೋಳಿಗೆ ತೆಗೆದರು. ಕಾವಿ ಬಣ್ಣದ್ದು, ಹೊಸದು. ನನ್ನ ಹೆಗಲಿಗೆ ಹಾಕಿದರು. "ನೀನು ನೀಡಿಲ್ಲಲ್ಲ. ನೀನು ಬೇಡಬಹುದು."

ಹಾಗೇ ಲಾಡ್ಜಿನ ಕಡೆ ಹೊರಟೆ. ಕೈ ಹಿಡಿದು ನಿಲ್ಲಿಸಿದರು.

"ಹನ್ನೆರಡು ಆಗಲಿ. ಮತ್ತ ಐದು ಮನಿ ಬೇಡ್ಬೇಕು. ಸೀದಾ ಒಂದೇ ಮನಿಗಿ ಹೋದ್ರ ಭಿಕ್ಷಾ ಅಲ್ಲದು, ವಸೂಲಿ. ಅದು ಐದನೇದ್ದು ಇರ್ಲಿ."

ಹನ್ನೆರಡಕ್ಕೆ ಕೂಸನ್ನು ಅತ್ತೆಯ ತೊಡೆಗೆ ಹಾಕಿ ಹೊರಟೆ. ಬಿ.ಎಸ್ಸಿ. ಮಾಡಿದವಳು, ಸ್ವಂತ ಓಣಿಯಲ್ಲಿ, ಹೆಗಲಿಗೆ ಜೋಳಿಗೆ. ಕಾಲಿಗೆ ಚಪ್ಪಲಿ ಇಲ್ಲ. ನೆಲ ಸುಡುತ್ತಿತ್ತು. ಮೊದಲ ಬಾಗಿಲಲ್ಲಿ ಬರೀ ನಿಂತೆ. ಬಳೆ ಅಂಗಡಿಯ ಹಣಮವ್ವ ಹೊರಗೆ ಬಂದವಳು ಮೇಲಿಂದ ಕೆಳಗೆ ನೋಡಿದಳು.

"ಯಾಕವ್ವಾ ಅನುರಾಧಾ, ಅತ್ತಿ ಹೊರಗ ಹಾಕಿದ್ಲೇನು?"

"ಇಲ್ಲಬೇ. ಭಿಕ್ಷಾ ನೀಡ್ರಿ."

"ಮಾಣಿಕಮ್ಮನ ಸೊಸಿ ಮಾತಾಡ್ತಾಳ ಅಂತ ಇವತ್ತ ಗೊತ್ತಾತು ನೋಡು" ಅಂತ ಒಂದು ರೊಟ್ಟಿ ಹಾಕಿದಳು. ನಕ್ಕಳು, ಆದರೆ ರೊಟ್ಟಿ ಬಿಸಿಯದು.

ಎರಡನೆಯ ಮನೆಯಲ್ಲಿ ಏನೂ ಕೇಳಲಿಲ್ಲ, ಅನ್ನ ಹಾಕಿದರು. ಮೂರನೆಯದರಲ್ಲಿ ಕೂಸಿನ ಜ್ವರ ಇಳಿಯಿತೇ ಅಂದರು. ಅವರಿಗೆ ಹೇಗೆ ಗೊತ್ತು? ನಾಲ್ಕನೆಯ ಮನೆಯ ಅಜ್ಜಿ, ಹೆಸರೂ ನನಗೆ ಗೊತ್ತಿಲ್ಲ, ರೊಟ್ಟಿ ಹಾಕಿ ಹೇಳಿದಳು: "ನಿಮ್ಮ ಮನಿ ಲೈಟ್ ಹಗಲಾಗೋತನಾ ಉರೀತದ. ನನಗೂ ನಿದ್ದಿ ಇಲ್ಲ. ನಾ ನೋಡ್ತಿರ್ತೇನಿ." ಎರಡು ವರ್ಷ ಒಂದೇ ಓಣಿ. ಈ ಬಾಗಿಲುಗಳ ಹತ್ತಿರ ಹೋದದ್ದು ಇವತ್ತೇ.

ಐದನೆಯದು. ಲಾಡ್ಜಿನ ಕಟ್ಟೆ ಹತ್ತುವಷ್ಟರಲ್ಲೇ ಶೇಂಗಾ ಚೈನು ಎಳೆದು ಕುಣಿಯತೊಡಗಿದ. ನಾನು ಅವನ ಕಡೆ ನೋಡಲಿಲ್ಲ. ನೋಡಿದ್ದರೆ ನಿಲ್ಲಲಾಗುತ್ತಿರಲಿಲ್ಲ. ಬಾಯಾರು ಅನ್ನದ ಸೌಟು ಹಿಡಿದೇ ಹೊರಗೆ ಬಂದರು. ತೆಳ್ಳಗೆ, ಬಿಳಿ ಕೂದಲು, ಕನ್ನಡಕಕ್ಕೆ ದಾರ.

"ಅನ್ನ ಬ್ಯಾಡ್ರಿ" ಅಂದೆ.

ಸೌಟು ಅಲ್ಲೇ ನಿಂತಿತು. ಶೇಂಗಾನನ್ನು ನೋಡಿದರು. ನನ್ನನ್ನು ನೋಡಿದರು.

"ಅತ್ತಿಯವರು ಕಳಿಸ್ಯಾರೇನು?"

"ಇಲ್ರಿ. ನಾನೇ ಬೇಡಾಕತ್ತೇನಿ. ಇದು ಐದನೇ ಮನಿರಿ."

ಕೂಸಿನ ವಿಷಯ, ನಿದ್ದೆಯ ವಿಷಯ, ಎಲ್ಲ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಒಂದೂ ಹೇಳಲಿಲ್ಲ. ಅವರೂ ಕೇಳಲಿಲ್ಲ. ಸೌಟು ಒಳಗಿಟ್ಟು ಬಂದರು. ಚೈನಿನ ಗಂಟು ಬಿಗಿಯಾಗಿತ್ತು, ಬಿಚ್ಚಲು ಹೊತ್ತು ಹಿಡಿಯಿತು. ನಾನು ನೆರವಿಗೆ ಹೋಗಲಿಲ್ಲ. ಬಿಚ್ಚಿ, ಚೈನಿನ ತುದಿಯನ್ನು ಜೋಳಿಗೆಯಲ್ಲಿ ರೊಟ್ಟಿಯ ಮೇಲೆ ಇಟ್ಟರು.

"ಹೊಸ ಮನಿ ಕಟ್ಟಿಸೇನಿ, ಒಬ್ಬಾಕಿನ. ಬಾಗಲಾ ಹಾಕಿದ್ರ ಆ ಸಪ್ಪಳಾನೂ ನಂದ ಇರ್ತದ. ಅದಕ್ಕ ಕೇಳಿದ್ದೆ ಇದನ್ನ." ಕನ್ನಡಕ ತೆಗೆದು ಸೆರಗಿಗೆ ಒರೆಸಿದರು. "ಹೋಗವ್ವಾ. ಹನ್ನೆರಡಕ್ಕ ಬಂದವರನ್ನ ನಾನೂ ತಿರುಗಿ ಕಳಸಂಗಿಲ್ಲ."

ಟಂಟಂನಲ್ಲಿ ಒಂದು ಸೀಟು ಖಾಲಿ ಅಂತ ಬೆಳಿಗ್ಗೆಯೇ ಗೊತ್ತಿತ್ತು. ನೀವೂ ಬರ್ರಿ ಎರಡು ದಿನ, ನೀರಿನ ದಂಡಿಗೆ ಅನ್ನಬಹುದಿತ್ತು. ತುಟಿಯವರೆಗೂ ಬಂದಿತ್ತು. ಚೈನು ಹಿಡಿದು ಇಳಿದುಬಿಟ್ಟೆ. ಇನ್ನೊಂದು ಗಳಿಗೆ ನಿಂತರೆ ಮನಸ್ಸು ಬದಲಿಸುತ್ತಾರೇನೋ ಅಂತ ಭಯ.

ಅತ್ತೆ ಖಾರದ ಧಪಾಟಿ ರೊಟ್ಟಿ ತಟ್ಟುತ್ತಿದ್ದಾರೆ, ನಾಳೆಗೆ. ಶೇಂಗಾನನ್ನು ಒಮ್ಮೆ ನೋಡಿದರು. ಆಮೇಲೆ ಒಲೆಯ ಕಡೆ ಮುಖ ಮಾಡಿ, "ಅದಕ್ಕ ಖಾರಾ ಇಲ್ಲದ್ದು ಬ್ಯಾರೆ ಮಾಡೇನಿ." ನೀವೂ ಬನ್ನಿ ಅಂದೆ, ಅತ್ತೆಗಾದರೂ. "ಅಂಗಡಿ ಯಾರು ನೋಡ್ತಾರ, ನಿನ್ನ ಗಂಡನ ಫ್ಯಾನೇನು?"

ಏಪ್ರಿಲ್ 26, ಶನಿವಾರ. ಸೊನ್ನ. ಮಧ್ಯಾಹ್ನ ಮೂರು

ಏಳಕ್ಕೆ ಬಿಟ್ಟೆವು. ಲಾಡ್ಜಿನ ಮುಂದೆ ಕಾರು ನಿಂತಿತ್ತು, ಹಿಂದಿನ ಸೀಟಿಗೆ ಹಳೆಯ ಚಾದರ ಹಾಸಿದ್ದು ಕಂಡಿತು. ಶೇಂಗಾನಿಗೆಂದೇ ಹಾಸಿರಬೇಕು. ತೆಗೆದಿರಲಿಲ್ಲ.

ಅಫಜಲಪುರ ದಾಟುವವರೆಗೆ ಶೇಂಗಾ ಹಿಂದೆಯೇ ನೋಡಿದ. ಆಮೇಲೆ ಚಾಚಾನ ಹೆಗಲ ಮೇಲೆ ಗದ್ದ ಇಟ್ಟ. "ಆತು ನೋಡು ಬೇಟಿ, ಅಂಗಿ ಹೋತು" ಅಂದರು ಚಾಚಾ. ಗಾಡಿ ನಿಲ್ಲಿಸಲಿಲ್ಲ, ಗದ್ದವನ್ನೂ ಸರಿಸಲಿಲ್ಲ. ನಾಳೆ ನಾಲ್ಕಕ್ಕೆ ಕರೆಯಲು ಬರುತ್ತಾರೆ.

ಖೋಲಿ ಚೆನ್ನಾಗಿದೆ. ಹೊರಗೆ ದೊಡ್ಡ ಬೇವಿನ ಮರ. ಅದರ ಟೊಂಗೆಗೆ ಸೀರೆಯ ತೊಟ್ಟಿಲು ಕಟ್ಟಿದೆ. ನೀರು ಹಿಂದೆ ಸರಿದಿದೆ, ದಂಡೆಯವರೆಗೆ ಇನ್ನೂರು ಹೆಜ್ಜೆ. ಎಣಿಸಿದೆ. ದೂರದಲ್ಲಿ ಬ್ಯಾರೇಜಿನ ಗೇಟುಗಳ ಸಾಲು. ಮದುವೆಯಾದ ವರ್ಷ ಆ ಸೇತುವೆಯ ಮೇಲೆ ನಿಂತು ಇವರು, ಕೂಸು ಬಂದ ಮೇಲೆ ಮೂರೂ ಮಂದಿ ಬರೋಣ ಅಂದಿದ್ದರು. ಮೂವರು ಬಂದಿದ್ದೇವೆ. ಫೋಟೋ ಕಳಿಸು ಅಂದಿದ್ದರು. ಸಿಗ್ನಲ್ ಇಲ್ಲ. ಟಾವೆಲ್ ತಂದಿದ್ದೆ, ಅದರಲ್ಲಿ ಶೇಂಗಾನನ್ನು ಒರೆಸಿದೆ.

ಅವನು ಈಜುತ್ತಾನೆ. ಗೊತ್ತೇ ಇರಲಿಲ್ಲ. ತಲೆ ಮಾತ್ರ ಮೇಲೆ, ಸಾಹೇಬರ ಹಾಗೆ.

ಇಡೀ ದಿನ ಒಬ್ಬರೂ ಈ ಕಡೆ ಬಂದಿಲ್ಲ. ಒಂದು ಪಂಪಿನ ಸದ್ದು, ಅದೂ ಈಗ ನಿಂತಿತು. ಮೂಗಿಗೆ ಬೆರಳು ಹಿಡಿಯಲು ಎದ್ದೆ. ತೊಟ್ಟಿಲ ಕೆಳಗೆ ಶೇಂಗಾ ಕಿವಿ ಎತ್ತಿ ನೋಡಿದ, ಮತ್ತೆ ತಲೆ ಇಟ್ಟ. ಬೆರಳು ಹಿಡಿಯದೇ ಬಂದು ಕೂತೆ. ಮರಕ್ಕೆ ಒರಗಿ ಬರೆಯುತ್ತಿದ್ದೇನೆ. ಕಣ್ಣು ಎಳೆಯುತ್ತಿದೆ, ಅಕ್ಷರ ಸೊಟ್ಟ. ನೀರಿನ ಮೇಲಿಂದ ಗಾಳಿ ಬರುತ್ತಿದೆ, ಮುಮತಾಜ ಹೇಳಿದ್ದು ಸುಳ್ಳಲ್ಲ

ಬಾಯಾರು ಮನೆ ಮುಟ್ಟಿರಬೇಕು. ಬಾಗಿಲು ತೆಗೆದಿರಬೇಕು. ಅವರ ಹೆಸರೂ ಕೇಳಲಿಲ್ಲ ನಾನು. ಮುಂದಿನ ಹುಣ್ಣಿಮೆಗೆ ಬಂದರೆ, ಹನ್ನೆರಡಕ್ಕೆ ನಮ್ಮ ಬಾಗಿಲಿಗೆ ಬಂದರೆ, ಒಳಗೆ ಕರೆದು ನಾನೇ