ಬೆರಳಡಿ ಅಲುಗಿದ್ದು

ಜೂನ್ 3, ಸೋಮವಾರ

ಮತ್ತೆ ಬೆಳಗಿನ ಪಾಳಿ. ಪಕ್ಕದ ಅಡುಗೆಮನೆಯಿಂದ ಹಬೆ, ಒದ್ದೆ ಸ್ಟೀಲಿನ ವಾಸನೆ. ನೆಲಮಾಳಿಗೆಯ ನಮ್ಮ ಕೋಣೆಗೂ ಒಂದು ಕಿಟಕಿ ಇದೆ, ಆದರೆ ಅದರಲ್ಲಿ ಕಾಣುವುದು ಓಡಾಡುವವರ ಕಾಲು ಮಾತ್ರ. ಈಗ ಡಾಕ್ಟರುಗಳನ್ನು ಚಪ್ಪಲಿ ನೋಡಿಯೇ ಗುರುತು ಹಿಡಿಯುತ್ತೇನೆ. ಎಂಎ ಓದಿದ್ದು ಇದಕ್ಕಾದರೂ ಬಂತಲ್ಲ ಎಂದು ಪಕ್ಕದ ಮೇಜಿನ ರೇಡಿಯೋ ಅಕ್ಕ ನಕ್ಕರು.

ಅವರಿಗೆ ಆ ಹೆಸರು ಇಟ್ಟದ್ದು ಅಡುಗೆಮನೆಯವರು. ಬೆಳಿಗ್ಗೆ ಬಂದು ಬ್ಯಾಗ್ ಇಡುವಾಗ ಶುರುವಾದರೆ ಸಂಜೆ ಬ್ಯಾಗ್ ಎತ್ತಿಕೊಳ್ಳುವವರೆಗೆ ಮಾತು. ನನಗೇನೋ ಅನುಕೂಲ. ನಾನು ಮಾತಾಡಬೇಕಾಗಿಯೇ ಬರುವುದಿಲ್ಲ.

ನಿನ್ನೆ ಭಾನುವಾರ ಅಮ್ಮನಿಗೆ ನನ್ನ ಕೆಲಸ ಏನೆಂದು ಕೊನೆಗೂ ಅರ್ಥ ಮಾಡಿಸಿದೆ. ಯಾವ ರೋಗಿಗೆ ಯಾವ ಊಟ ಅಂತ ವಾರ್ಡಿನಿಂದ ತಿಳಿಸುತ್ತಾರೆ. ಬೆಡ್ ನಂಬರಿನ ಮುಂದೆ ಒಂದು ಪುಟ್ಟ ಚೌಕ. ಒತ್ತಿದರೆ ಪಟ್ಟಿ ಬಿಚ್ಚಿಕೊಳ್ಳುತ್ತದೆ: ಲಿಕ್ವಿಡ್, ನಿಲ್, ನಾರ್ಮಲ್, ಸಾಫ್ಟ್. ನಿಲ್ ಅಂದರೆ ಬಾಯಿಗೆ ಏನೂ ಕೊಡಬಾರದು, ಆಪರೇಷನ್‌ಗೆ ಹೋಗುವವರು. ಆರಿಸಿ ಸೇವ್ ಒತ್ತಿದರೆ ಆಯಿತು, ಅಡುಗೆಮನೆಯಲ್ಲಿ ಚೀಟಿ ಪ್ರಿಂಟ್ ಆಗಿ ತಟ್ಟೆಯ ಮೇಲೆ ಕೂರುತ್ತದೆ. ಅಮ್ಮ ಎಲ್ಲ ಕೇಳಿ, “ಅಂದ್ರೆ ನೀನು ಬಡಿಸೋಳಲ್ಲ, ಬಡಿಸಿ ಅಂತ ಹೇಳೋಳು,” ಎಂದಳು.

ಇವತ್ತು ಮ್ಯಾನೇಜರ್ ಕೆಳಗೆ ಬಂದು ನನ್ನ ಮೇಜಿನ ಮೇಲೆ ಒಂದು ಬಿಳಿ ವಸ್ತು ಇಟ್ಟರು. ಸವೆದ ಸೋಪಿನ ಹಾಗೆ. ಟಚ್ ಮೌಸ್. ಬಟನ್ ಇಲ್ಲ, ಚಕ್ರ ಇಲ್ಲ, ವೈರ್ ಇಲ್ಲ. ಸಂದುಗೊಂದು ಇಲ್ಲದ್ದರಿಂದ ಕೊಳೆ ಕೂರುವುದಿಲ್ಲ, ಸ್ಪಿರಿಟ್ ಹಾಕಿ ಒರೆಸಬಹುದು. ಎಲ್ಲ ವಿಭಾಗಕ್ಕೂ ಇದನ್ನೇ ತರಿಸಿ ಎಂದು ಸೋಂಕು ತಡೆಯುವ ನರ್ಸ್ ಹಟ ಹಿಡಿದಿದ್ದಾರಂತೆ. ನಾನು ಓದಿದವಳು, ಎರಡು ವಾರ ಬಳಸಿ ನೋಡಿ, ಹಳೇ ಬಟನ್ ಮೌಸಿಗಿಂತ ಇದು ಮೇಲೋ ಅಲ್ಲವೋ ಎಂದು ಟಿಪ್ಪಣಿ ಬರೆದುಕೊಡಬೇಕಂತೆ.

ರೇಡಿಯೋ ಅಕ್ಕ ಅದನ್ನು ಎತ್ತಿ, ತಿರುಗಿಸಿ, ಮೂಸಿ ನೋಡಿದರು. “ಕಿವೀನೂ ಇಲ್ಲ, ಬಾಲಾನೂ ಇಲ್ಲ. ಇದೆಂಥ ಇಲಿಯೇ?”

ಜೂನ್ 6, ಗುರುವಾರ

ನನಗೇ ಅಂತ ಮಾಡಿಸಿದ ಹಾಗಿದೆ. ಸದ್ದೇ ಇಲ್ಲ. ಮುಟ್ಟಿದರೆ ಸಾಕು, ಸವರಿದರೆ ಪುಟ ಜಾರುತ್ತದೆ. ಅಕ್ಕನ ಮೌಸ್ ಮಾತ್ರ ಬಾದಾಮಿ ಒಡೆದ ಹಾಗೆ ಟಕ್ ಟಕ್. ಈಚೆ ಕೂತು ಅವರ ಕೆಲಸ ಎಲ್ಲಿಗೆ ಬಂತೆಂದು ಹೇಳಬಹುದು.

ಅವರೂ ಒಮ್ಮೆ ಬಳಸಿ ನೋಡಿದರು. ಬೆರಳಿಟ್ಟು ಗಟ್ಟಿಯಾಗಿ ಅದುಮಿದರು. ಬಾಣ ಎಲ್ಲಿಗೋ ಹೋಯಿತು. ನಾನು ಒತ್ತಿದ್ದೀನೋ ಇಲ್ಲವೋ ಅಂತ ಅದನ್ನೇ ಕೇಳಬೇಕು ಎಂದು ವಾಪಸ್ ಕೊಟ್ಟರು. ಅಡುಗೆಮನೆಯ ಮುಖ್ಯಸ್ಥ ಕೈಗವಸು ತೆಗೆಯದೆ ಮುಟ್ಟಿದ, ಬಾಣ ಅಲುಗಲೇ ಇಲ್ಲ. ಒದ್ದೆ ಕೈಗೂ ಆಗದು. ಇವೆರಡನ್ನೂ ಗುರುತು ಹಾಕಿಕೊಂಡೆ. ಆದರೆ ಟಿಪ್ಪಣಿಯ ಮೊದಲ ಸಾಲು ಆಗಲೇ ತಯಾರು: ‘ಎಲ್ಲ ಬಗೆಯಲ್ಲೂ ಟಚ್ ಮೌಸೇ ಮೇಲು.’

ಇಲ್ಲಿ ಬರೆಯಬಹುದಾದ, ಅಲ್ಲಿ ಬರೆಯಲಾಗದ ಇನ್ನೊಂದು ಅನುಕೂಲ— ಸದ್ದಿಲ್ಲದ್ದರಿಂದ ನಾನು ಕೆಲಸ ನಿಲ್ಲಿಸಿದರೂ ಯಾರಿಗೂ ತಿಳಿಯುವುದಿಲ್ಲ. ಬಲಗೈ ಮೌಸಿನ ಮೇಲೆ, ಎಡಗೈಯಲ್ಲಿ ತೊಡೆಯ ಮೇಲಿನ ಪುಸ್ತಕ.

ಜೂನ್ 11, ಮಂಗಳವಾರ

ಸಂಜೆಪಾಳಿಯವಳು ರಜೆ. ಇಬ್ಬರೂ ಉಳಿದೆವು. ನನ್ನ ಕಂಪ್ಯೂಟರ್ ಅಪ್‌ಡೇಟ್ ಅಂತ ಕೂತುಬಿಟ್ಟಿತು. ನಾಳೆಯ ತಿಂಡಿಯ ಪಟ್ಟಿ ಅಕ್ಕನದರಲ್ಲಿ, ಅವರ ಲಾಗಿನ್‌ನಲ್ಲೇ ತೆರೆದಿತ್ತು, ಎಲ್ಲ ತುಂಬಿ ಮುಗಿದಿತ್ತು. ಮೇಲೆ ಹೋಗಿ ಕೊನೇ ಬದಲಾವಣೆ ಕೇಳಿಕೊಂಡು ಬರ್ತೀನಿ, ಇಲ್ಲಿ ಕೂತಿರು ಎಂದು ಹೋದರು. ಅವರ ಮೌಸ್ ಮುಟ್ಟಿದರೆ ಅಂಟುತ್ತದೆ (ಬಿಸ್ಕತ್ತು ತಿಂದ ಕೈ). ನನ್ನ ಬಿಳಿಯದನ್ನೇ ತಂದು, ಉಗುರಿನಷ್ಟಿರುವ ಅದರ ರಿಸೀವರ್ ಸಿಕ್ಕಿಸಿಕೊಂಡೆ.

ಓದುತ್ತಿದ್ದ ಕಥೆ ಮುಗಿಯುವ ಹಂತದಲ್ಲಿತ್ತು. ಅಕ್ಕ ಮೇಲಿಂದ ಫೋನ್ ಮಾಡಿ, ಬದಲಾವಣೆ ಏನೂ ಇಲ್ಲ, ಸೇವ್ ಮಾಡ್ಬಿಡು ಎಂದರು. ಮಾಡಿದೆ. ಮೌಸ್ ಕಿತ್ತುಕೊಂಡು ನನ್ನ ಜಾಗಕ್ಕೆ ಬಂದೆ.

ಕಥೆಯ ಕೊನೆಗೆ ಕಣ್ಣು ತುಂಬಿತು. ಬಸ್ಸಿನಲ್ಲೂ ಅದೇ ಗುಂಗು. ಒಳ್ಳೆಯ ದಿನ.

ಜೂನ್ 12, ಬುಧವಾರ, ಮಧ್ಯಾಹ್ನ

ಹತ್ತೊಂಬತ್ತನೇ ಬೆಡ್ಡಿನ ತಾತನಿಗೆ ಇವತ್ತು ಸೊಂಟದ ಮೂಳೆಯ ಆಪರೇಷನ್ ಇತ್ತು. ನಿಲ್ ಇರಬೇಕಾದವರು. ಬೆಳಿಗ್ಗೆ ಬ್ರೆಡ್ಡು, ಮೊಟ್ಟೆ, ಟೀ ಹೋಗಿದೆ. ಪಾಳಿ ಬದಲಾಗುವ ಗಡಿಬಿಡಿಯಲ್ಲಿ ಸಿಸ್ಟರ್ ನೋಡಿಲ್ಲ. ತಾತ ಖುಷಿಯಾಗಿ ಎಲ್ಲ ತಿಂದು, ಇನ್ನೊಂದು ಮೊಟ್ಟೆ ಸಿಗುತ್ತದಾ ಅಂತಲೂ ಕೇಳಿದರಂತೆ. ಸ್ಟ್ರೆಚರ್ ಬಂದಾಗ ಎದೆಯ ಮೇಲೆ ಬ್ರೆಡ್ಡಿನ ಪುಡಿ.

ಆಪರೇಷನ್ ರದ್ದು. ಆಪರೇಷನ್ ಮಾಡುವ ಡಾಕ್ಟರ್ ಮತ್ತೆ ಬರುವುದು ತಿಂಗಳ ಕೊನೆಗೆ. ಅಲ್ಲಿಯವರೆಗೆ ಅವರು ಮಗ್ಗುಲು ಬದಲಿಸಲಾಗದೆ ಮಲಗಿರಬೇಕು. ಮಗಳು ಕಾರ್ಖಾನೆಯಲ್ಲಿ ಕೆಲಸ, ಇದಕ್ಕೆಂದೇ ರಜೆ ಬೇಡಿ ಪಡೆದು ಬಂದಿದ್ದಳಂತೆ. ಇನ್ನೊಮ್ಮೆ ಕೊಡುವುದಿಲ್ಲವಂತೆ.

ಮ್ಯಾನೇಜರ್ ಕೆಳಗೆ ಬಂದು ಕಂಪ್ಯೂಟರಿನಲ್ಲಿ ಆ ಪಟ್ಟಿ ತೆಗೆಸಿದರು. ಹತ್ತೊಂಬತ್ತರ ಮುಂದೆ ನಾರ್ಮಲ್. ಪಕ್ಕದಲ್ಲಿ ಅಕ್ಕನ ಲಾಗಿನ್.

ಅಕ್ಕ ಪರದೆಯನ್ನೇ ನೋಡುತ್ತ ನಿಂತರು. ಹಿಂದೊಮ್ಮೆ ಡಿಸ್ಚಾರ್ಜ್ ಆಗಿ ಮನೆಗೆ ಹೋದವನಿಗೆ ಮೂರು ದಿನ ಊಟ ಕಳಿಸಿ, ಆ ಕಥೆಯನ್ನು ತಾವೇ ಊರಿಗೆಲ್ಲ ಹೇಳಿ ನಗಿಸಿದವರು. ಇವತ್ತು ನಗಲಿಲ್ಲ. “ನಿಲ್ಲೇ ಹಾಕಿದ ನೆನಪು ಸಾರ್… ಇಲ್ಲ, ನಾನೇ ಇರ್ಬೇಕು. ನನ್ನ ಕೈಯೇ ಹಾಗೆ.”

ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಅದೇ ದಿನ, ಸಂಜೆ

ಅಕ್ಕ ಬೇಗ ಹೋದರು. ಒಬ್ಬಳೇ ಇದ್ದೆ. ಖಾಲಿ ಬೆಡ್ಡಿನ ಒಂದು ಸಾಲು ತೆಗೆದು ನಿಲ್ ಆರಿಸಿದೆ. ಬೆರಳನ್ನು ಬಿಳಿ ಮೌಸಿನ ಮೇಲೆ ಓದುವಾಗ ಇಡುವ ಹಾಗೇ ಇಟ್ಟು, ಎಡಗೈಯಿಂದ ಪುಸ್ತಕದ ಹಾಳೆ ತಿರುಗಿಸಿದೆ. ಹಾಳೆ ತಿರುಗುವಾಗ ಬಲಗೈಯೂ ಕೂದಲೆಳೆಯಷ್ಟು ಜರುಗುತ್ತದೆ, ಗೊತ್ತೇ ಇರಲಿಲ್ಲ.

ನಿಲ್ ಇದ್ದದ್ದು ನಾರ್ಮಲ್ ಆಯಿತು. ಕೊನೆಗೆ ಆರಿಸಿದ ಚೌಕ ಹಿಡಿತದಲ್ಲೇ ಇರುತ್ತದೆ, ಬೆರಳು ಜಾರಿದರೆ ಒಂದು ಮನೆ ಕೆಳಗೆ; ಪಟ್ಟಿಯಲ್ಲಿ ನಿಲ್ ಕೆಳಗೇ ನಾರ್ಮಲ್. ಸದ್ದಿಲ್ಲ, ಏನಿಲ್ಲ.

ಮತ್ತೆ ಮಾಡಿದೆ. ಮತ್ತೆ ಹಾಗೇ ಆಯಿತು. ಆಮೇಲೆ ಅಕ್ಕನ ಜಾಗಕ್ಕೆ ಹೋಗಿ ಅವರ ಅಂಟು ಮೌಸಿನಲ್ಲಿ ಮಾಡಿದೆ. ಅದರ ಚಕ್ರ ಹಲ್ಲು ಕಚ್ಚಿ ಕೂತಿರುತ್ತದೆ. ಬೇಕೆಂದೇ ತಿರುಗಿಸಿದರೆ ಮಾತ್ರ ಕಟಕ್ ಅಂತ ಒಂದು ಮನೆ ಹೋಗುತ್ತದೆ, ಬೆರಳಿಗೂ ತಿಳಿಯುತ್ತದೆ. ಸುಮ್ಮನೆ ಕೈ ಇಟ್ಟರೆ ಏನೂ ಆಗುವುದಿಲ್ಲ. ಎಷ್ಟು ಹೊತ್ತು ಇಟ್ಟರೂ.

ನಿಜ ಬರೆಯುತ್ತೇನೆ, ಇಲ್ಲಾದರೂ. ನಿನ್ನೆ ಕಣ್ಣಂಚಿನಲ್ಲಿ ಏನೋ ಅಲುಗಿದಂತಾಗಿತ್ತು. ಈ ಸಾಲು ಮುಗಿಸಿ ನೋಡೋಣ ಅಂದುಕೊಂಡೆ. ಸಾಲು ಚೆನ್ನಾಗಿತ್ತು. ಮುಂದಿನದಕ್ಕೆ ಹೋದೆ.

ಜೂನ್ 14, ಶುಕ್ರವಾರ

ಮ್ಯಾನೇಜರ್ ಕರೆಸಿದ್ದರು. ಹೇಳಿಬಿಡಬೇಕೆಂದು ಮೆಟ್ಟಿಲು ಹತ್ತುವಾಗ ಮಾತು ಜೋಡಿಸಿಕೊಂಡೇ ಹೋದೆ.

ಅವರು ಕರೆಸಿದ್ದು ಟಿಪ್ಪಣಿಗೆ. ಈ ತಪ್ಪು ನಡೆದದ್ದು ಹಳೇ ಬಟನ್ ಮೌಸ್ ಇರುವ ಕಂಪ್ಯೂಟರಿನಲ್ಲಿ ಅಲ್ಲವೇ, ಅದನ್ನೂ ಸೇರಿಸು, ಒಳ್ಳೇ ಉದಾಹರಣೆ ಸಿಕ್ಕಿತು ಎಂದರು. ಚಕ್ರ ಸವೆದಿರಬೇಕು, ಇಲ್ಲವೇ ಆಯಮ್ಮನ ಗಮನ ಸವೆದಿರಬೇಕು ಎಂದು ತಮ್ಮ ಮಾತಿಗೆ ತಾವೇ ನಕ್ಕರು. ಮುಂದಿನ ಗುರುವಾರದಿಂದ ಅಕ್ಕ ತಟ್ಟೆ ತೊಳೆಯುವ ಕಡೆಗೆ. ಟಿಪ್ಪಣಿಯನ್ನೂ ಅವತ್ತೇ ಕೊಡಬೇಕು.

ತೊಳೆಯುವ ಕಡೆ ದಿನವಿಡೀ ನಿಂತೇ ಕೆಲಸ. ಅಕ್ಕನ ಕಾಲಿನ ನರಗಳು ಹುರಿಗಟ್ಟಿದ ಹಾಗೆ ಉಬ್ಬಿವೆ, ಮೇಜಿನ ಕೆಳಗೆ ಖಾಲಿ ರಟ್ಟಿನ ಡಬ್ಬ ಇಟ್ಟು ಅದರ ಮೇಲೆ ಕಾಲು ಚಾಚಿಕೊಂಡೇ ಕೂರುತ್ತಾರೆ. ಆ ಡಬ್ಬ ಅಡುಗೆಮನೆಯಿಂದ ತಂದುಕೊಟ್ಟವಳು ನಾನೇ.

ಬಾಯಿ ತೆರೆದೆ. “ಏನಾದ್ರೂ ಹೇಳೋದಿತ್ತಾ?” ಎಂದರು ಮ್ಯಾನೇಜರ್.

“ಇಲ್ಲ ಸಾರ್. ಅಕ್ಷರ ಎಷ್ಟು ದೊಡ್ಡದಿರಬೇಕು ಅಂತ…”

ಹನ್ನೆರಡು ಪಾಯಿಂಟ್ ಸಾಕಂತೆ.

ಜೂನ್ 18, ಮಂಗಳವಾರ

ಬರೆಯಲು ಆಗಲಿಲ್ಲ. ಬರೆದರೆ ಇಲ್ಲಿ ಹೇಳಿಯಾಯಿತು ಅನ್ನಿಸಿ ಹಗುರಾಗುತ್ತದೆ. ಹಗುರಾಗುವುದು ಬೇಡವಾಗಿತ್ತು.

ರೇಡಿಯೋ ಬಂದ್. ಅಕ್ಕ ಒಂದೊಂದು ಸಾಲಿಗೂ ಪರದೆಯ ಮೇಲೆ ಬೆರಳಿಟ್ಟು, ಪಿಸುಪಿಸು ಓದಿಕೊಂಡು, ಮತ್ತೆ ಮೊದಲಿಂದ ಓದುತ್ತಾರೆ. ತಿಂಡಿಯ ಪಟ್ಟಿ ತಡವಾಗುತ್ತಿದೆ. ಅಡುಗೆಮನೆಯಿಂದ ಕೂಗುತ್ತಾರೆ. ಇವತ್ತು ನನ್ನನ್ನು ಕರೆದು, “ನೀನೊಂದ್ಸಲ ನೋಡ್ಬಿಡೇ. ನನ್ನ ಮೇಲೆ ನಂಗೇ ನಂಬಿಕೆ ಇಲ್ಲ,” ಎಂದರು. ನೋಡಿಕೊಟ್ಟೆ. ಒಂದೂ ತಪ್ಪಿರಲಿಲ್ಲ. ಥ್ಯಾಂಕ್ಸ್ ಬೇರೆ ಹೇಳಿದರು.

ಟಿಪ್ಪಣಿ ಬರೆದೆ. ‘ಟಚ್ ಮೌಸಿನಲ್ಲಿ ಕೆಲವು ಸಂದರ್ಭಗಳಲ್ಲಿ ಆಯ್ಕೆ ತಾನಾಗಿಯೇ ಬದಲಾಗುವ ಸಾಧ್ಯತೆ ಇರುತ್ತದೆ.’ ಓದಿ ನೋಡಿದೆ. ತಾನಾಗಿಯೇ. ಪಾಪ, ಆ ಸೋಪಿನ ತುಂಡಿನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವ ಉಪಾಯ. ಹರಿದುಹಾಕಿದೆ.

ಮಧ್ಯಾಹ್ನ ಮೇಲಿನ ವಾರ್ಡಿಗೆ ಹೋದೆ. ಹತ್ತೊಂಬತ್ತರ ಪಕ್ಕದ ಕುರ್ಚಿ ಖಾಲಿ. ಮಗಳು ಕೆಲಸಕ್ಕೆ ವಾಪಸ್ ಹೋಗಿದ್ದಾಳೆ. ತಾತ ಸೂರು ನೋಡುತ್ತ ಮಲಗಿದ್ದರು. ಊಟದ ವಿಭಾಗದವಳು ಎಂದೆ. “ಅವತ್ತು ಮೊಟ್ಟೆ ಕಳಿಸಿದ ಪುಣ್ಯಾತ್ಮರು ನೀವೇನಾ?” ಎಂದು ಕೇಳಿದರು. ಬೈಗುಳವಲ್ಲ, ತಮಾಷೆ. ನಗಲು ಹೋಗಿ ನೋವಿಗೆ ಮುಖ ಹಿಂಡಿದರು. ನಾನು ಉತ್ತರಿಸುವ ಮೊದಲೇ ಅವರೇ ಹೇಳಿದರು: ಅಲ್ಲ ಬಿಡಮ್ಮ, ಅವರು ಬೇರೆ, ದಪ್ಪಗಿದ್ದಾರೆ, ಬಂದು ನನ್ನ ಮಗಳ ಕೈ ಹಿಡ್ಕೊಂಡು ಅತ್ತು ಹೋದರು.

ಮನೆಯಲ್ಲಿ ಅಮ್ಮ: ಊಟದ ಆಫೀಸಿನಲ್ಲಿ ಕೆಲಸ, ನಿನಗೇ ಊಟ ಸೇರುತ್ತಿಲ್ಲ. ತಲೆನೋವು ಅಂದೆ. ಇನ್ನೊಂದು ಸುಳ್ಳು. ಎಷ್ಟು ಸಲೀಸಾಗಿ ಬಂತು.

ಜೂನ್ 19, ಬುಧವಾರ

ಹೇಳಿದೆ. ಅಕ್ಕನಿಗೆ.

ಊಟದ ಹೊತ್ತು. ಅವರು ಡಬ್ಬಿ ತೆರೆದಿದ್ದರು. ಅಕ್ಕಾ, ಅದು ನೀವಲ್ಲ ಎಂದು ಶುರು ಮಾಡಿದೆ. ಸಮಾಧಾನ ಹೇಳುತ್ತಿದ್ದೇನೆ ಅಂದುಕೊಂಡು ಕೈ ಅಲ್ಲಾಡಿಸಿದರು. ಆಮೇಲೆ ಎಲ್ಲ ಹೇಳಿದೆ: ಅವರ ಕುರ್ಚಿ, ನನ್ನ ಮೌಸ್, ತೊಡೆಯ ಮೇಲಿನ ಪುಸ್ತಕ, ಅಲುಗಿದ್ದು, ಸೇವ್. ಕಳೆದ ಬುಧವಾರ ಸಂಜೆಯೇ ನನಗೆ ಗೊತ್ತಾಗಿತ್ತು ಎನ್ನುವುದನ್ನೂ. ಅದನ್ನು ಬಿಟ್ಟು ಹೇಳಬಹುದಿತ್ತು. ನಾಲಿಗೆಯ ತುದಿಯವರೆಗೆ ಆ ಆಸೆ ಬಂದಿತ್ತು.

ಪೆನ್ನು ಕಾಣದಿದ್ದರೂ ಕಟ್ಟಡ ಹಾರುವ ಹಾಗೆ ಕೂಗುವವರು. ಕೂಗಿಯಾರು ಅಂತ ಕಾದೆ. ಡಬ್ಬಿಯ ಮುಚ್ಚಳ ಹಾಕಿದರು.

“ನಾನು ಆ ಹುಡುಗಿ ಹತ್ರ ಹೋಗಿ ನಂದೇ ತಪ್ಪು ಅಂತ ಅತ್ತೆ ಕಣೇ. ಈಗ ಅದನ್ನ ಎಲ್ಲಿ ಹೋಗಿ ವಾಪಸ್ ತಗೊಳ್ಲಿ?”

ಡಬ್ಬಿಯನ್ನು ಆಚೆ ಸರಿಸಿದರು.

“ತಟ್ಟೆ ತೊಳೀತಿದ್ದೆ, ಅದೇನು ದೊಡ್ಡದಲ್ಲ. ನಾನು ಹುಚ್ಚಿ ಆಗ್ತಿದ್ದೀನಿ ಅಂದ್ಕೊಂಡಿದ್ದೆ. ಮನೇಲಿ ಗ್ಯಾಸ್ ಆಫ್ ಮಾಡಿದೀನಾ ಅಂತ ಬಸ್‌ಸ್ಟಾಪಿಂದ ವಾಪಸ್ ಹೋಗಿ ನೋಡ್ಕೊಂಡು ಬರ್ತಿದ್ದೆ.” ಚಮಚ ಒರೆಸಿಡುತ್ತ, “ಬೈಯೋಕೆ ಒಂದು ಮಾತು ಹುಡುಕ್ತಿದ್ದೀನಿ. ಸಿಗ್ತಿಲ್ಲ.”

ನಾಳೆ ಮ್ಯಾನೇಜರಿಗೆ ಹೇಳುತ್ತೇನೆ, ಟಿಪ್ಪಣಿಯಲ್ಲೂ ಎಲ್ಲ ಬರೆಯುತ್ತೇನೆ ಎಂದೆ.

“ಬರೀತೀಯ. ಚೆನ್ನಾಗೇ ಬರೀತೀಯ. ಬಾಯಲ್ಲಿ ಹೇಳ್ತೀಯಾ?”

ಮಧ್ಯಾಹ್ನ ಪೂರ್ತಿ ಅವರ ಕಡೆಯಿಂದ ಟಕ್ ಟಕ್ ಬರುತ್ತಿತ್ತು. ಪರದೆಯ ಮೇಲೆ ಬೆರಳಿಟ್ಟು ಓದುವುದು ನಿಂತಿತ್ತು.

ಜೂನ್ 20, ಗುರುವಾರ, ಬೆಳಿಗ್ಗೆ

ಮ್ಯಾನೇಜರ್ ಕೋಣೆಯ ಹೊರಗೆ, ಸಾಲು ಕುರ್ಚಿಯಲ್ಲಿ. ಒಳಗೆ ಸೋಂಕಿನ ನರ್ಸ್ ಮಾತಾಡುತ್ತಿದ್ದಾರೆ. ಕೈ ಬೆವರಿದೆ. ಈಗ ಆ ಬಿಳಿ ಮೌಸ್ ಮುಟ್ಟಿದರೆ ಅದಕ್ಕೆ ನಾನಿದ್ದೇನೆಂದೇ ತಿಳಿಯದು.

ಟಿಪ್ಪಣಿ ತೊಡೆಯ ಮೇಲೆ, ಪುಸ್ತಕ ಇರುತ್ತಿದ್ದ ಜಾಗದಲ್ಲಿ. ಒರೆಸಲು ಸುಲಭ, ಮಣಿಕಟ್ಟಿಗೆ ಹಿತ, ವಾರ್ಡುಗಳಲ್ಲಿ ಇಟ್ಟುಕೊಳ್ಳಬಹುದು. ಪಟ್ಟಿಯಿಂದ ಆರಿಸುವ ಕೆಲಸಕ್ಕೆ ಬೇಡ. ಅಲ್ಲಿ ಹಳೆಯದೇ ಮೇಲು. ಬೇಕೆಂದು ಒತ್ತಿದ್ದಕ್ಕೂ ಸುಮ್ಮನೆ ಮುಟ್ಟಿದ್ದಕ್ಕೂ ಇರುವ ವ್ಯತ್ಯಾಸ ಹಳೆಯದಕ್ಕೆ ಗೊತ್ತು. ಮೂರನೇ ಪ್ಯಾರಾದಲ್ಲಿ ಹನ್ನೊಂದನೇ ತಾರೀಖು, ಯಾರ ಕೈ, ಯಾವ ಮೌಸ್, ಎಲ್ಲ ಇದೆ. ಹನ್ನೆರಡು ಪಾಯಿಂಟ್.

ಇದನ್ನು ಮೇಜಿನ ಮೇಲಿಟ್ಟು ಬಂದುಬಿಟ್ಟರೆ… ಓದಿಕೊಳ್ಳುತ್ತಾರೆ. ನಾನು ಎದುರಿಗೆ ಇರಬೇಕಾಗುವುದಿಲ್ಲ.

ಅಕ್ಕ ಬಂದರು. ತೊಳೆಯುವ ಕಡೆಯ ಪ್ಲಾಸ್ಟಿಕ್ ಏಪ್ರನ್ ಕಟ್ಟಿಕೊಂಡಿದ್ದಾರೆ, ಕಾಲಿಗೆ ದೊಡ್ಡ ಅಳತೆಯ ಗಂಬೂಟು. ನನ್ನ ಪಕ್ಕದ ಕುರ್ಚಿ ಬಿಟ್ಟು ಅದರಾಚೆಯದರಲ್ಲಿ ಕೂತರು. ಅವರ ಏಪ್ರನ್ ಮಾತ್ರ ಸರಪರ ಅನ್ನುತ್ತಿದೆ.

ಬಾಗಿಲು ತೆರೆಯಿತು. ಮ್ಯಾನೇಜರ್ ಕರೆದದ್ದು ಅವರನ್ನು, ವರ್ಗಾವಣೆಗೆ ಸಹಿ ಹಾಕಲು. ಅಕ್ಕ ಏಳಲಿಲ್ಲ. ಈ ಕಡೆ ತಿರುಗಿದ್ದಾರೆ. ನನ್ನ ಮುಖವನ್ನಲ್ಲ, ಪೆನ್ನು ನೋಡುತ್ತಿದ್ದಾರೆ. ಇನ್ನು ಬರೆಯು—